ಕ್ಲಚ್ ಪ್ಲೇಟ್ ಮಾತ್ರ ಸಾಕೇ, ಫ್ಲೈವೀಲ್‌ಗೂ ಕೈ ಹಾಕಬೇಕೇ?

ಪ್ರಶ್ನೆ, ಮಾದಾಪುರದ ಬೆಳೆಗಾರರಿಂದ: ನಮ್ಮ ಹಳೆಯ ಎಂಎಂ 540 ಜೀಪಿಗೆ ಹತ್ತು ಮೂಟೆ ಕಾಫಿ ಹೇರಿ ತೋಟದ ಏರು ಹತ್ತಿಸಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ ಬೇರೆ. ಒಬ್ಬ ಮೆಕ್ಯಾನಿಕ್ ಪ್ಲೇಟ್ ಬದಲಿಸಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಫ್ಲೈವೀಲನ್ನೂ (ಎಂಜಿನ್ ಹಿಂಬದಿಯಲ್ಲಿ ತಿರುಗುವ, ಪ್ಲೇಟ್ ಒತ್ತಿ ಕೂರುವ ಭಾರದ ಚಕ್ರ) ಹೊಸದು ಹಾಕಿಸಿ ಎನ್ನುತ್ತಾರೆ. ಕೊಯ್ಲಿನ ನಡುವೆ ಗಾಡಿ ನಿಲ್ಲಿಸುವುದು ಕಷ್ಟ. ಅನುಭವವಿದ್ದವರು ತಿಳಿಸಿ.

ಗಾಳಿಬೀಡಿನಿಂದ: ಮೊದಲು ಕ್ಲಚ್ ಪೆಡಲನ್ನು ಕೈಯಿಂದ ಒತ್ತಿ ನೋಡಿ. ಮೇಲ್ಭಾಗದಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಇಲ್ಲದಿದ್ದರೆ ಒಳ್ಳೆಯ ಪ್ಲೇಟೂ ಜಾರುತ್ತದೆ. ಅದನ್ನು ಸರಿಪಡಿಸಲು ಒಂದು ಸ್ಪ್ಯಾನರ್ ಸಾಕು, ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಸಡಿಲ ಸರಿಯಿದ್ದರೆ ಮಟ್ಟಸ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲನ್ನೂ ಕೊಟ್ಟು (ಈ ಜೀಪುಗಳ ಹ್ಯಾಂಡ್‌ಬ್ರೇಕನ್ನು ನಾನು ನಂಬುವುದಿಲ್ಲ), ಮೂರನೇ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎಂಜಿನ್ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಪ್ಲೇಟ್ ಮುಗಿಯಿತು ಎಂದೇ ಅರ್ಥ. ಒಮ್ಮೆ ನೋಡಿದರೆ ಸಾಕು, ಮತ್ತೆ ಮತ್ತೆ ಪರೀಕ್ಷಿಸಿ ಇರುವುದನ್ನೂ ಸುಡಬೇಡಿ.

ನಾನು ಮೂರು ವರ್ಷದ ಹಿಂದೆ ದುಡ್ಡು ಉಳಿಸಲು ಹೋಗಿ ಪ್ಲೇಟ್ ಒಂದನ್ನೇ ಹಾಕಿಸಿದೆ. ಮುಂದಿನ ಕೊಯ್ಲಿನ ಹೊತ್ತಿಗೆ ಗಾಡಿ ಹೊರಡುವಾಗಲೆಲ್ಲ ಮಲೇರಿಯಾ ಬಂದವರಂತೆ ನಡುಗತೊಡಗಿತು. ಮತ್ತೆ ಬಿಚ್ಚಿದಾಗ ಫ್ಲೈವೀಲ್ ಮುಖದಲ್ಲಿ ಅಲ್ಲಲ್ಲಿ ನೇರಳೆ–ನೀಲಿ ಕಲೆಗಳು, ಹಳೆಯ ಪ್ಲೇಟಿನ ರಿವೆಟ್ ಕೊರೆದ ಎರಡು ಉಂಗುರ, ಬೇಸಿಗೆಯ ಗದ್ದೆಯಂತೆ ಸಣ್ಣ ಬಿರುಕು. ಹೊಸ ಪ್ಲೇಟ್ ಕುಳಿತಿದ್ದುದು ಆ ಉಬ್ಬುತಗ್ಗಿನ ಮೇಲೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಪ್ರೊಪೆಲ್ಲರ್ ಶಾಫ್ಟ್ ಇಳಿಸುವ ಕೂಲಿಯನ್ನು ಎರಡು ಸಲ ಕೊಟ್ಟೆ. ಹಾಗಾಗಿ ಬಾಕ್ಸ್ ಇಳಿದ ಮೇಲೆ ಪ್ಲೇಟ್, ಅದನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ತುಳಿದಾಗ ಆ ಒತ್ತು ಬಿಡಿಸುವ ರಿಲೀಸ್ ಬೇರಿಂಗ್, ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬುಷ್ ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನೂ ಬಿಡಬೇಡಿ. ಹೊಸ ಪ್ಲೇಟಿಗೆ ಎಣ್ಣೆ ತಗುಲಿದರೆ ಖರ್ಚೆಲ್ಲ ನೀರಿನಲ್ಲಿ ಹೋಮ.

ಗೋಣಿಕೊಪ್ಪಲಿನಿಂದ, ಲೇತ್ ಕೆಲಸದವನು: ಎಲ್ಲರಿಗೂ ಹೊಸ ಫ್ಲೈವೀಲ್ ಬೇಕಿಲ್ಲ. ಮುಖದ ಮೇಲೆ ಉಗುರು ಎಳೆಯಿರಿ. ಗೆರೆಯಲ್ಲಿ ಸಿಕ್ಕಿಕೊಂಡರೆ ಫೇಸಿಂಗ್ (ಮುಖವನ್ನು ತೆಳುವಾಗಿ ಕೆತ್ತಿ ಮಟ್ಟ ಮಾಡುವುದು) ಮಾಡಿಸಿ. ನೀಲಿ ಕಲೆ ಬಿದ್ದ ಕಡೆ ಲೋಹ ಗಟ್ಟಿಯಾಗಿರುತ್ತದೆ, ಲೇತ್ ಟೂಲ್ ಅಲ್ಲಿ ಜಿಗಿದು ಉಬ್ಬು ಉಳಿಸುತ್ತದೆ. ಸಾಧ್ಯವಾದರೆ ಗ್ರೈಂಡಿಂಗ್ ಯಂತ್ರದಲ್ಲೇ ಮಾಡಿಸಿ. ಪ್ರೆಶರ್ ಪ್ಲೇಟ್ ಕೂರುವ ಅಂಚು ಬೇರೆ ಮಟ್ಟದಲ್ಲಿದ್ದರೆ ಅದನ್ನೂ ಅಷ್ಟೇ ತೆಗೆಯಬೇಕು, ಇಲ್ಲದಿದ್ದರೆ ಒತ್ತಡ ಕಡಿಮೆಯಾಗಿ ಹೊಸ ಕ್ಲಚ್ಚೂ ಜಾರುತ್ತದೆ. ಬಿರುಕು ಆಳವಾಗಿದ್ದರೆ, ಬೋಲ್ಟ್ ತೂತಿನವರೆಗೆ ಹೋಗಿದ್ದರೆ ಅಥವಾ ದಪ್ಪ ಕಂಪನಿ ಹೇಳಿದ ಮಿತಿಗಿಂತ ಇಳಿದಿದ್ದರೆ ಮಾತ್ರ ಹೊಸದು. ಬಿಚ್ಚುವ ಮುನ್ನ ಫ್ಲೈವೀಲ್‌ಗೂ ಅದು ಕೂರುವ ಎಂಜಿನ್ ಕ್ರ್ಯಾಂಕಿಗೂ ಗುರುತು ಹಾಕಿ, ಮತ್ತೆ ಹಾಗೆಯೇ ಕೂರಿಸಲು. ಇದು ನಿಮ್ಮ ಜೀಪಿನಂಥ ಒಂಟಿ ಫ್ಲೈವೀಲ್‌ನ ಮಾತು. ಒಳಗೆ ಸ್ಪ್ರಿಂಗ್ ಇರುವ ಜೋಡಿ ಫ್ಲೈವೀಲನ್ನು ಲೇತಿಗೆ ಕೊಡಬೇಡಿ.

ಮಾಂದಲಪಟ್ಟಿಗೆ ಜೀಪು ಓಡಿಸುವವನಿಂದ: ಗಾಳಿಬೀಡಿನ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಪ್ಲೇಟ್ ಸುಡುವುದು ಡ್ರೈವರ್ ಕಾಲು. ಹೇರಿನ ಗಾಡಿಯನ್ನು ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲಿಸಬೇಡಿ. ಕೆಳಗೇ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಹಾಕಿಕೊಂಡು ಹತ್ತಿ. ಇನ್ನೊಂದು ಮಾತು: ಬಾಕ್ಸ್ ಕೂರಿಸುವಾಗ ಅದರ ಭಾರ ಕ್ಲಚ್ ಪ್ಲೇಟಿನ ಮೇಲೆ ನೇತಾಡಲು ಬಿಡಬಾರದು, ಪ್ಲೇಟ್ ಬಾಗುತ್ತದೆ. ಅಡಿಗೆ ಜಾಕ್ ಕೊಟ್ಟಿದ್ದಾರೆಯೇ ಎಂದು ನೀವೇ ನಿಂತು ನೋಡಿ.

ಮತ್ತೆ ಮಾದಾಪುರದಿಂದ: ನಿನ್ನೆ ಬಿಚ್ಚಿಸಿದೆ. ಪ್ಲೇಟ್ ಸವೆದು ರಿವೆಟ್ಟಿಗೆ ಇಳಿದಿತ್ತು. ಫ್ಲೈವೀಲ್ ಮೇಲೆ ಉಗುರು ಎರಡು ಕಡೆ ನಿಂತಿತು, ಆದರೆ ಬಿರುಕು ಕಾಣಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಇವತ್ತು ಬೆಳಗ್ಗೆ ಗ್ರೈಂಡಿಂಗಿಗೆ ಕಳುಹಿಸಿದ್ದೇನೆ. ಪಕ್ಕದ ತೋಟದವರು ಎರಡು ದಿನಕ್ಕೆ ಪಿಕಪ್ ಕೊಟ್ಟಿದ್ದಾರೆ, ಡೀಸೆಲ್ ನನ್ನದು.