ಓದುಗರ ಸ್ಪಂದನ: ಐಟಿ ಬಿಟ್ಟು ಟೀಚರ್ ಆಗಲೇ?

ಸಮಸ್ಯೆ: ನನಗೆ 34. ಬಿ.ಇ. ಮುಗಿಸಿ 11 ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಸಂಬಳ ಚೆನ್ನಾಗಿದೆ, ಕೆಲಸದಲ್ಲಿ ಮನಸ್ಸಿಲ್ಲ. ಶನಿವಾರ ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡುವಾಗ ಮಾತ್ರ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಟೀಚರ್ ಆಗುವ ಆಸೆ. ಮನೆ ಸಾಲ ಇದೆ. ‘ಇಷ್ಟು ಓದಿಸಿದ್ದು ಇದಕ್ಕಾ?’ ಅನ್ನುತ್ತಾರೆ ಅಮ್ಮ. ಕೆಲಸ ಬಿಡಲೇ?

ತಂಗಿ, ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ನಿಮ್ಮ ಆಸೆ ಓದಿ ಖುಷಿಯಾಯಿತು. ಆದರೆ ಅಕ್ಕಪಕ್ಕದ ನಾಲ್ಕು ಮಕ್ಕಳು ಬೇರೆ, ನಲವತ್ತು ಮಕ್ಕಳ ಕ್ಲಾಸು ಬೇರೆ. ರಾಜೀನಾಮೆ ಕೊಡುವ ಮೊದಲು ಒಂದಿಷ್ಟು ದಿನ ರಜೆ ಹಾಕಿ. ಪರಿಚಯದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ, ಅಲ್ಲಿ ಕೂತು ನೋಡಿ. ಪಾಠ ಮಾತ್ರ ಅಲ್ಲ; ಹಾಜರಿ, ರಾಶಿ ನೋಟ್‌ಬುಕ್ ತಿದ್ದುವುದು, ಬಿಸಿಯೂಟದ ಲೆಕ್ಕ, ಪೋಷಕರ ಸಭೆ, ಎಲ್ಲವನ್ನೂ.

ಹುಡುಗನೊಬ್ಬ 1/2 + 1/3 = 2/5 ಅಂತ ಬರೆಯುತ್ತಾನೆ. ಪ್ರತಿ ವರ್ಷ ಯಾರಾದರೂ ಬರೆದೇ ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. ಕೆಂಪು ಗೆರೆ ಎಳೆದು ‘ಲ.ಸಾ.ಅ. ತೆಗಿ’ ಅನ್ನುವುದು ಸುಲಭ. ‘2/5 ಅರ್ಧಕ್ಕಿಂತ ಜಾಸ್ತಿಯಾ, ಕಡಿಮೆಯಾ?’ ಅಂತ ಕೇಳಿ ಸುಮ್ನೆ ಕಾಯಬೇಕು. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೂ ಅರ್ಧಕ್ಕಿಂತ ಕಡಿಮೆ ಬಂತಲ್ಲ ಅಂತ ಅವನಿಗೇ ಹೊಳೆಯಬೇಕು. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಗಲಾಟೆ, ಇನ್ನೇನು ಬೆಲ್ ಹೊಡೆಯುತ್ತದೆ. ಆಗಲೂ ಕಾಯೋಣ ಅನ್ನಿಸಿದರೆ ಬನ್ನಿ. ತಪ್ಪು ಎಲ್ಲಿಂದ ಬಂತು ಅಂತ ಬೆನ್ನು ಹತ್ತುವುದು ಟೆಸ್ಟಿಂಗ್‌ನವರಿಗೆ ಹೊಸದೇನಲ್ಲ, ಅಲ್ವಾ?
– ನಿವೃತ್ತ ಶಿಕ್ಷಕಿ, ಧಾರವಾಡ

ಮೇಡಂ, ನಾನೂ ಐಟಿಯಿಂದ ಶಾಲೆಗೆ ಬಂದವನು. ದಾರಿ ಇದೆ, ಆದರೆ ಉದ್ದ ಇದೆ. ಎನ್‌ಸಿಟಿಇಯ (ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ) 2014ರ ನಿಯಮದಂತೆ ಗಣಿತ, ವಿಜ್ಞಾನ ಓದಿದ ಬಿ.ಇ. ಪದವೀಧರರು ಶೇ 55 ಅಂಕ ಇದ್ದರೆ ಬಿ.ಎಡ್. ಸೇರಬಹುದು. ಎರಡು ವರ್ಷದ ಕೋರ್ಸು. ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕು. ಕೆಲಸದ ಜೊತೆ ನಿಭಾಯಿಸುತ್ತೇನೆ ಅನ್ನುವ ಲೆಕ್ಕ ಬೇಡ. 1ರಿಂದ 5ನೇ ತರಗತಿಗೆ ಬಿ.ಎಡ್. ನಡೆಯುವುದಿಲ್ಲ, 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸರ್ಕಾರಿ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಕಲಿಸಲು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕೂಡ ಪಾಸಾಗಬೇಕು.

ಅಂದರೆ ಎರಡು ವರ್ಷದ ಕಂತು, ಮನೆ ಖರ್ಚು ಕೈಯಲ್ಲಿರಬೇಕು. ಖಾಸಗಿ ಶಾಲೆಯ ಶುರುವಿನ ಸಂಬಳ ನಿಮ್ಮ ಈಗಿನ ಸಂಬಳದ ಹತ್ತಿರಕ್ಕೂ ಬರುವುದಿಲ್ಲ, ಇದನ್ನು ಮೊದಲೇ ಒಪ್ಪಿಕೊಳ್ಳಿ. ಒಂದೇ ಕಂಪನಿಯಲ್ಲಿ ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಬರುತ್ತದೆ. ಸಾಲ ಬದಲಾಗುವ ಬಡ್ಡಿಯದ್ದಾದರೆ ಅವಧಿಗೆ ಮೊದಲು ಕಟ್ಟಿದರೂ ದಂಡವಿಲ್ಲ. ಬೋನಸ್ ಬಂದಾಗಲೆಲ್ಲ ಅಸಲಿಗೆ ಹಾಕಿ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ನಿಮ್ಮದೇ ಒಂದು ಪಾಲಿಸಿ ಈಗಲೇ ಮಾಡಿಸಿ. ನನ್ನ ಮಾತು ಕೇಳುವುದಾದರೆ, ಇವತ್ತೇ ಬಿಡಬೇಡಿ. ಬಿಡುವ ತಿಂಗಳನ್ನು ಇವತ್ತೇ ಗೊತ್ತು ಮಾಡಿ.
– ವಿಜ್ಞಾನ ಶಿಕ್ಷಕ, ಮೈಸೂರು

ನಾನು ನಿಮ್ಮ ಅಮ್ಮನ ವಯಸ್ಸಿನವಳು. ನಮ್ಮ ಕಾಲದವರಿಗೆ ತಿಂಗಳ ಸಂಬಳವೇ ಧೈರ್ಯ. ಓದು ದಂಡವಾಯಿತು ಅನ್ನುವುದಕ್ಕಿಂತ, ನಾಳೆ ಮಗಳಿಗೆ ಕಷ್ಟ ಬಂದರೆ ಏನು ಗತಿ ಅನ್ನುವ ಭಯ ಅವರಿಗೆ ಜಾಸ್ತಿ. ವಾದ ಮಾಡಬೇಡಿ ಮಗಳೇ. ಸಾಲ, ಉಳಿತಾಯದ ಲೆಕ್ಕ ಅವರ ಮುಂದಿಡಿ. ಒಂದು ಶನಿವಾರ ಪಾಠದ ಹೊತ್ತಿಗೆ ಅವರನ್ನೂ ಕರೆದು ಕೂರಿಸಿ.
– ಗೃಹಿಣಿ, ಶಿವಮೊಗ್ಗ