ಮುರಿಯುವ ಮದುವೆಯ ಕಥೆಯಲ್ಲಿ ನಗು ಎಲ್ಲಿರಬೇಕು? ಕಾದಂಬರಿ ಬರೆಯುತ್ತಿದ್ದೇನೆ, ಸಲಹೆ ಬೇಕು

ತೋಟದಂಚು (ಸಿರಸಿ):

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ. ಸಿರಸಿ ಹತ್ತಿರದ ಒಂದು ತೋಟದ ಮನೆ. ಗಂಡನಿಗೆ ಐವತ್ತೆಂಟು, ಹೆಂಡತಿಗೆ ಐವತ್ತೆರಡು, ಮಗ ಬೆಂಗಳೂರಲ್ಲಿ. ಹೊಡೆತ, ಕುಡಿತ, ಬೇರೆ ಸಂಬಂಧ ಅಂತ ಯಾವುದೂ ಇಲ್ಲ. ಮೂವತ್ತು ವರ್ಷ ಒಬ್ಬರನ್ನೊಬ್ಬರು ಸಹಿಸಿಕೊಂಡು ಬಂದಿದ್ದಾರೆ ಅಷ್ಟೇ. ಒಂದು ರಾತ್ರಿ ಹಸಿ ಅಡಿಕೆ ಸುಲಿಯುತ್ತಾ ಕೂತಾಗ ಅವಳು ಮೆಟ್ಟುಗತ್ತಿಯಿಂದ ಕಣ್ಣು ತೆಗೆಯದೆ "ಯಂಗೆ ಸಾಕಾತು" (ನನಗೆ ಸಾಕಾಯಿತು) ಅನ್ನುತ್ತಾಳೆ. ಅವನು "ಕೊನೆಕೊಯ್ಲು ಮುಗಿಲಿ, ನೋಡನ" ಅನ್ನುತ್ತಾನೆ, ಅಂದರೆ ಅಡಿಕೆ ಗೊನೆ ಕೊಯ್ದು ಮುಗಿಯಲಿ ಅಂತ. ಅಲ್ಲಿಂದ ಕಥೆ ಶುರು.

ಇದನ್ನು ಗೋಳಿನ ಕಥೆ ಮಾಡಲು ನನಗೆ ಇಷ್ಟವಿಲ್ಲ. ಓದುವವರು ನಗಬೇಕು, ನಕ್ಕ ಮೇಲೆ ಒಂಥರಾ ಸಂಕಟ ಆಗಬೇಕು. ಆದರೆ ಇಬ್ಬರಲ್ಲಿ ಯಾರೂ ಗೇಲಿಗೆ ಸಿಗಬಾರದು. ಇಲ್ಲೇ ತೊಡಕಾಗುತ್ತಿದೆ. ಗಂಡನನ್ನು ನೋಡಿ ನಗುವ ಹಾಗೆ ಬರೆದರೆ ಅವನು ಪೆದ್ದನಾಗುತ್ತಾನೆ. ಹೆಂಡತಿಯನ್ನು ನೋಡಿ ನಗುವ ಹಾಗೆ ಬರೆದರೆ ಆಕೆ ನಮ್ಮ ನಾಟಕಗಳಲ್ಲಿ ಬರುವ ಅದೇ ಹಳೇ ಬಜಾರಿ. ಎರಡೂ ಬೇಡ.

ಕೊನೆಯ ಅಧ್ಯಾಯಕ್ಕೆ ಒಂದು ಕೋರ್ಟ್ ದೃಶ್ಯ ಇಟ್ಟುಕೊಂಡಿದ್ದೇನೆ. ಊರಿಗೆ ಊರೇ ಬಂದು ಕೂತಿದೆ. ವಕೀಲರು ಹಂಡೆ, ಪರಾತ, ದೋಸೆ ಕಾವಲಿ ಅಂತ ಪಟ್ಟಿ ಓದುತ್ತಿದ್ದಾರೆ, ಹಿಂದಿನ ಬೆಂಚಿನವರು ತಡೆಯಲಾಗದೆ ನಗುತ್ತಿದ್ದಾರೆ. ಇದು ನಡೆಯುವ ಮಾತಾ? ಕೋರ್ಟು ಗೊತ್ತಿದ್ದವರು ಹೇಳಿ. ಈ ಥರದ ಕಥೆ ಇಷ್ಟಪಟ್ಟು ಓದುವವರೂ ಹೇಳಿ, ನಿಮಗೆ ನಗು ಬರುವುದು ಎಲ್ಲಿ?

ಸದಾಶಿವಗಡ (ಕಾರವಾರ):

ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮೊದಲು ಕೋರ್ಟ್ ವಿಷಯ. ಆ ದೃಶ್ಯ ಹಾಗೆ ನಡೆಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಪ್ರಕಾರ ಇಂಥ ಕೇಸುಗಳ ವಿಚಾರಣೆ ಮುಚ್ಚಿದ ಬಾಗಿಲ ಒಳಗೆ. ಊರವರಿಗೆ ಒಳಗೆ ಜಾಗವಿಲ್ಲ. ನಿಮ್ಮ ಊರಿಗೆ ಊರೇ ಹೊರಗಿನ ಜಗಲಿಯಲ್ಲಿ ನಿಲ್ಲಬೇಕು, ಒಳಗೆ ಏನಾಯಿತು ಅಂತ ಊಹೆ ಮಾಡುತ್ತಾ. ನನ್ನ ಕೇಳಿದರೆ ಅದೇ ಹೆಚ್ಚು ಚೆನ್ನಾಗಿರುತ್ತದೆ.

ಇಬ್ಬರೂ ಒಪ್ಪಿದ್ದರೆ ಅದು 13ಬಿ ಕಲಂ, 1976ರ ತಿದ್ದುಪಡಿಯಲ್ಲಿ ಬಂದದ್ದು. ಅರ್ಜಿ ಹಾಕುವ ಮುಂಚೆ ಕನಿಷ್ಠ ಒಂದು ವರ್ಷ ಬೇರೆ ಬಾಳಿರಬೇಕು. ಅರ್ಜಿ ಹಾಕಿ 6 ತಿಂಗಳಾದ ಮೇಲೆ, 18 ತಿಂಗಳ ಒಳಗೆ ಇಬ್ಬರೂ ಮತ್ತೆ ಬಂದು "ಹೌದು, ಬೇಕು" ಅನ್ನಬೇಕು. ಆ 6 ತಿಂಗಳನ್ನು ಕೆಲವು ಸಂದರ್ಭದಲ್ಲಿ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಿಮ್ಮ ಕಥೆಗೆ ಆ ಕಾಯುವ ಕಾಲವೇ ಬಂಡವಾಳ, ಬಿಡಬೇಡಿ.

ಇನ್ನೊಂದು ಮಾತು ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಬೇರೆ ಬಾಳುವುದು ಅಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯ ಹಾಗೆ ಬಾಳದಿದ್ದರೆ ಅದೂ ಬೇರೆ ಬಾಳಿದ ಲೆಕ್ಕವೇ. ಇದು 1991ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಅಂದರೆ ನಿಮ್ಮ ಇಬ್ಬರೂ ಅದೇ ಮನೆಯಲ್ಲಿ, ಒಂದೇ ಬಾವಿ ನೀರು ಕುಡಿಯುತ್ತಾ, ಕಾನೂನಿನ ಪ್ರಕಾರ ಬೇರೆ ಇರಬಹುದು. ಆ ವರ್ಷ ಮತ್ತು ಮುಂದಿನ ಆರು ತಿಂಗಳ ನಡುವೆ ಬೇಕೆಂದರೆ ಒಂದು ಮಾರಿಕಾಂಬಾ ಜಾತ್ರೆ ತಂದು ಕೂರಿಸಿ. ಎರಡು ವರ್ಷಕ್ಕೊಮ್ಮೆ ಬರುತ್ತದಲ್ಲ, ಲೆಕ್ಕ ಸರಿಹೋಗುತ್ತದೆ. ಸಿರಸಿ ಸುತ್ತ ಯಾರ ಮನೆಗೆ ಆಗ ನೆಂಟರು ಬರುವುದಿಲ್ಲ ಹೇಳಿ? ಅವನ ಕಡೆಯವರು, ಅವಳ ಕಡೆಯವರು, ಎಲ್ಲರೂ ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ದೇವಿ ನೋಡಿ ಹಸಿದು ಬರುತ್ತಾರೆ. ಬೇರೆ ಬಾಳುತ್ತಿರುವವರು ಒಟ್ಟಿಗೆ ಬಡಿಸಬೇಕು.

ಪಾತ್ರೆ ಪಟ್ಟಿ ಸುಳ್ಳಲ್ಲ. ಮದುವೆ ಹೊತ್ತಿಗೆ ಬಂದ, ಇಬ್ಬರಿಗೂ ಸೇರಿದ ಸಾಮಾನಿನ ಬಗ್ಗೆ ಕೋರ್ಟ್ ತೀರ್ಪಿನಲ್ಲೇ ಹೇಳಬಹುದು, ಅದಕ್ಕೆ 27ನೇ ಕಲಂ ಇದೆ. ಆದರೆ ಅವಳ ಸ್ತ್ರೀಧನ ಅವಳದ್ದೇ, ಅದನ್ನು ಪಾಲಿಗೆ ಎಳೆಯಬೇಡಿ.

ಬಣ್ಣದಚೌಕಿ (ಹೊನ್ನಾವರ):

ಕಾನೂನು ನನಗೆ ಗೊತ್ತಿಲ್ಲ, ಯಕ್ಷಗಾನದ ಆಟ ಗೊತ್ತು. ನೀವು ಕೇಳಿದ್ದಕ್ಕೆ ಉತ್ತರ ನಮ್ಮ ನಳ ದಮಯಂತಿ ಪ್ರಸಂಗದಲ್ಲೇ ಇದೆ ಅನ್ನಿಸುತ್ತದೆ. ನೋಡಿ, ರಾಜ್ಯ ಹೋಯಿತು. ಹಕ್ಕಿ ಹಿಡಿಯಲು ಹೋಗಿ ಉಟ್ಟ ಬಟ್ಟೆಯೂ ಹೋಯಿತು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಸೀರೆ. ರಾತ್ರಿ ಅವಳು ಮಲಗಿದಾಗ ಅವನು ಆ ಬಟ್ಟೆಯನ್ನು ಅರ್ಧ ಕತ್ತರಿಸಿಕೊಂಡು ಹೊರಟುಹೋಗುತ್ತಾನೆ. ಇದಕ್ಕಿಂತ ಕ್ರೂರವಾದ ಪಾಲು ಇನ್ನೊಂದಿಲ್ಲ. ಆಮೇಲೆ ಕಾರ್ಕೋಟಕ ಸರ್ಪ ಕಚ್ಚಿ ಅವನು ವಿಕಾರವಾಗಿ ಬಾಹುಕನಾಗುತ್ತಾನೆ. ಬಾಹುಕ ಅಂದರೆ ನಮ್ಮಲ್ಲಿ ಹಾಸ್ಯದ ವೇಷ! ಆಗ ತಾನೇ ಅತ್ತ ಜನ, ಅದೇ ಮನುಷ್ಯನನ್ನು ನೋಡಿ ನಗುತ್ತಾರೆ.

ಯಾಕೆ ನಗುತ್ತಾರೆ? ಅವನು ಪೆದ್ದ ಅಂತಲ್ಲ. ಒಳಗೆ ನಳ ಇದ್ದಾನೆ ಅಂತ ನೋಡುವವರಿಗೆ ಗೊತ್ತು, ಅವನನ್ನು ಸಾರಥಿಯಾಗಿ ಇಟ್ಟುಕೊಂಡ ರಾಜ ಋತುಪರ್ಣನಿಗೆ ಗೊತ್ತಿಲ್ಲ. ತನ್ನ ಹೆಂಡತಿಯ ಎರಡನೇ ಸ್ವಯಂವರಕ್ಕೆ ಇನ್ನೊಬ್ಬನನ್ನು ಕೂರಿಸಿಕೊಂಡು ತಾನೇ ರಥ ಹೊಡೆಯಬೇಕು! ನಗು ಬರುವುದು ಅವನು ಸಿಕ್ಕಿಬಿದ್ದ ಕೆಲಸಕ್ಕೆ. ಒಳ್ಳೆಯ ಹಾಸ್ಯಗಾರ ಅಲ್ಲಿ ಒಂದು ಮಾತೂ ಜಾಸ್ತಿ ಆಡುವುದಿಲ್ಲ. ನಿಮ್ಮ ಕಥೆಯ ಗಂಡನಿಗೂ ಅಂಥ ಒಂದು ಕೆಲಸ ಕೊಡಿ. ಅವನಿಗೆ ಜೋಕು ಹೊಡೆಯಲು ಬಿಡಬೇಡಿ.

ಕುಮಟಾದವಳು:

ನಾನು ಬೇರೆಯಾದವಳು. ಅದಕ್ಕೇ ಬರೆಯುತ್ತಿದ್ದೇನೆ, ದಯವಿಟ್ಟು ಇದನ್ನು ಗಮನಿಸಿ.

ನನ್ನ ಸಾಮಾನು ತರಲು ಅಣ್ಣ ಟೆಂಪೋ ತಂದಿದ್ದ. ಹೊರಗೆ ಮಳೆ. ಕನ್ನಡಿ ಇರುವ ಗೋದ್ರೇಜ್ ಕಪಾಟು ಒಂದಿತ್ತು, ಅದನ್ನು ಮೆಟ್ಟಿಲು ಇಳಿಸುವಾಗ ಅಣ್ಣನಿಗೂ ಡ್ರೈವರಿಗೂ ಆಗುತ್ತಿರಲಿಲ್ಲ. ಅಲ್ಲಿಯವರೆಗೆ ಒಳಗೆ ಪೇಪರು ಓದುತ್ತಾ ಕೂತಿದ್ದ ಮನುಷ್ಯ ಎದ್ದು ಬಂದು ಕನ್ನಡಿಯ ಬದಿ ಹಿಡಿದರು. "ಗೋಣಿಚೀಲ ಅಡಿಯಲ್ಲಿ ಹಾಕಿ, ಇಲ್ಲಾಂದ್ರೆ ಘಟ್ಟದಲ್ಲಿ ಒಡೆಯುತ್ತದೆ" ಅಂದರು. ತಾವೇ ಚೀಲ ತಂದು, ಹಗ್ಗ ಕಟ್ಟಿ, ಗಂಟು ಎಳೆದು ನೋಡಿದರು. ಅಷ್ಟು ವರ್ಷದಲ್ಲಿ ನನ್ನ ಒಂದು ಸಾಮಾನಿನ ಬಗ್ಗೆ ಅವರು ತೋರಿಸಿದ ಕಾಳಜಿ ಅದೊಂದೇ. ನನಗೆ ನಗು ಬಂತು. ಟೆಂಪೋದಲ್ಲಿ ಕೂತ ಮೇಲೂ ನಗುತ್ತಿದ್ದೆ, ಅಣ್ಣ ಹೆದರಿದ.

ಆ ನಗು ಹೆಂಡತಿಗೂ ಕೊಡಿ. ಇಂಥ ಕಥೆಗಳಲ್ಲಿ ಗಂಡ ತಮಾಷೆ ಮಾಡುತ್ತಾನೆ, ಹೆಂಡತಿ ಅಳುತ್ತಾಳೆ ಅಥವಾ ಬೈಯುತ್ತಾಳೆ. ಅವಳೂ ನೋಡುತ್ತಿರುತ್ತಾಳೆ, ಅವಳಿಗೂ ಎಲ್ಲ ಕಾಣುತ್ತದೆ. ಅರ್ಧ ಕಾದಂಬರಿಯಾದರೂ ಅವಳ ಕಣ್ಣಿಂದ ಬರಲಿ.

ಕೇಣಿದಂಡೆ (ಅಂಕೋಲಾ):

ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ಮನೆ ಒಡೆಯುವುದರಲ್ಲಿ ನಗಲು ಏನಿದೆ? ಬೆಂಗಳೂರಿನ ಮಗ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅವನು ಹಬ್ಬಕ್ಕೆ ಬಂದರೆ ಯಾರ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು? ಅಪ್ಪ ಆಯಿಗೆ ಅದು ನಗುವ ವಿಷಯ ಆದರೂ ಅವನಿಗೆ ಆಗುವುದಿಲ್ಲ. ಅವನನ್ನು ಮರೆಯಬೇಡಿ ಅಂತ ಮಾತ್ರ ಹೇಳುತ್ತೇನೆ.

ತೋಟದಂಚು (ಸಿರಸಿ):

ಎಲ್ಲರಿಗೂ ಮನಸಾರೆ ಧನ್ಯವಾದ. ಕೇಣಿದಂಡೆಯವರೇ, ನೀವು ಕೇಳಿದ ಪ್ರಶ್ನೆಯನ್ನೇ ಜಾತ್ರೆ ಅಧ್ಯಾಯದಲ್ಲಿ ಇಡುತ್ತೇನೆ. ನೆಂಟರಿಗೆಲ್ಲ ಎಲೆ ಹಾಕಿಯಾಗಿದೆ, ಮಗ ಮಾತ್ರ ಲೋಟ ಹಿಡಿದುಕೊಂಡು ನಿಂತೇ ಇದ್ದಾನೆ. ಅಲ್ಲಿ ಯಾರೂ ನಗುವುದು ಬೇಡ.

ಕುಮಟಾದ ಅಕ್ಕಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಅರ್ಧ ಕಥೆ ಅವಳೇ ಹೇಳುತ್ತಾಳೆ, ಇದು ಖಂಡಿತ.

ಬಾಹುಕನ ರಥದಿಂದ ಒಂದು ಹೊಳೆಯಿತು. ಅವಳ ತವರು ಕುಮಟಾ ಅಂತ ಮಾಡಿ, ಅರ್ಜಿ ಅಲ್ಲೇ ಹಾಕಿಸಿದರೆ? ಆಗ ತಾರೀಖಿನ ದಿನ ಇಬ್ಬರೂ ಸಿರಸಿಯಿಂದ ಒಂದೇ ಸರ್ಕಾರಿ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯಬೇಕು. ಸೀಟು ಒಂದೇ ಖಾಲಿ ಇದೆ, ಇಬ್ಬರ ಸೀಟು. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವಲ್ಲ, ಅವಳು ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳುತ್ತಾಳೆ, ಅವನು ದುಡ್ಡು ಕೊಡುತ್ತಾನೆ. ಕಂಡಕ್ಟರ್ ಇಬ್ಬರ ಮುಖ ನೋಡಿ "ಒಟ್ಟಿಗಾ?" ಅನ್ನುತ್ತಾನೆ. ಅವಳಿಗೆ ತಿರುವಿನಲ್ಲಿ ವಾಂತಿ ಬರುತ್ತದೆ ಅಂತ ಅವನಿಗೆ ಮಾತ್ರ ಗೊತ್ತು, ಕಿಸೆಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಬಂದಿದ್ದಾನೆ. ಕೊಡುವುದಾ ಬೇಡವಾ? ಕೊಟ್ಟರೆ ಬೇರೆ ಬಾಳಿದ್ದು ಸುಳ್ಳಾಗುತ್ತದಾ ಅಂತ ಅವನಿಗೆ ನಿಜವಾಗಿ ಭಯ.

ಸದಾಶಿವಗಡದವರೇ, ಕುಮಟಾದಲ್ಲಿ ಅರ್ಜಿ ಹಾಕಲು ಬರುತ್ತದಾ? ನಿಂಬೆಹಣ್ಣಿನಿಂದ ಕೇಸು ಬೀಳುತ್ತದಾ?

ಸದಾಶಿವಗಡ (ಕಾರವಾರ):

ನಿಂಬೆಹಣ್ಣಿನಿಂದ ಏನೂ ಆಗುವುದಿಲ್ಲ, ಧೈರ್ಯವಾಗಿ ಕೊಡಲಿ. ಜಾಗದ ವಿಷಯದಲ್ಲಿ ಮದುವೆ ಆದ ಊರು, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಊರು, ಇವುಗಳಲ್ಲಿ ಎಲ್ಲಿಯಾದರೂ ಹಾಕಬಹುದು. ಅವಳು ಇನ್ನೂ ಸಿರಸಿ ಮನೆಯಲ್ಲೇ ಇರುವುದರಿಂದ ತವರು ಅನ್ನುವ ಕಾರಣ ಸಾಲದು. ಮದುವೆ ಕುಮಟಾದಲ್ಲಿ ಆಗಿತ್ತು ಅಂತ ಮೊದಲ ಅಧ್ಯಾಯದಲ್ಲೇ ಒಂದು ಸಾಲು ಸೇರಿಸಿಬಿಡಿ.

ಮತ್ತೆ ಇದನ್ನೂ ನೆನಪಿಡಿ. ತೀರ್ಪು ಬರುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಹಾಗಾಗಿ ಅವರು ಕೋರ್ಟಿನ ಬಾಗಿಲು ದಾಟಿ ಒಳಗೆ ಹೋದ ಮೇಲೂ ಜಗಲಿಯಲ್ಲಿ ನಿಂತ ಊರಿಗೆ ಏನೂ ಗೊತ್ತಾಗುವುದಿಲ್ಲ. ಪಾತ್ರೆ ಪಟ್ಟಿ ಬರೆಯುವಾಗ ಕೊಟ್ಟವರ ಹೆಸರು ಕೆತ್ತಿದ ಪಾತ್ರೆಗಳನ್ನು ಬೇರೆ ಬರೆಸಿ, ಜಗಳ ಹತ್ತುವುದು ಅವುಗಳಿಗೇ.