ಗೇಮ್ ಬಾಯ್ ಆಟದ ಸ್ಪರ್ಧೆ: 32 ಕೆ.ಬಿ. ಮಿತಿ ಇರ್ಬೇಕಾ, ಬೇಡ್ವಾ?

ಗಿರಿನಗರದ ಗಿರಾಕಿ
ನಿಯಮದ ಕರಡು ಹಾಕ್ತಿದೀನಿ, ಬೈಯೋರು ಈಗ್ಲೇ ಬೈದ್ಬಿಡಿ. 1989ರಲ್ಲಿ ನಿಂಟೆಂಡೊ ತಂದ, ಕೈಯಲ್ಲಿ ಹಿಡಿದು ಆಡೋ ಹಳೇ ಗೇಮ್ ಬಾಯ್‌ಗೆ ಹೊಸ ಆಟ ಬರೀಬೇಕು, ಒಂದು ತಿಂಗಳು ಟೈಮು. ಫೈಲು 32 ಕೆ.ಬಿ. ದಾಟಬಾರದು. ಪರದೆ ಮೇಲೆ ಬರೋ ಮಾತೆಲ್ಲ ಕನ್ನಡದಲ್ಲಿ. ಕೊನೇ ಭಾನುವಾರ ನಮ್ಮನೆ ಮಹಡೀಲಿ ಸೇರಿ, ಲ್ಯಾಪ್‌ಟಾಪಲ್ಲಿ ಎಮ್ಯುಲೇಟರ್ (ಗೇಮ್ ಬಾಯ್ ಥರ ನಟಿಸೋ ಸಾಫ್ಟ್‌ವೇರು) ಹಾಕಿ ಆಡಿ ಮಾರ್ಕ್ಸ್ ಕೊಡೋದು.

ಥರ್ಡ್ ಸೆಮ್
ಸಾರ್, ಕೋಡ್ ಬರೀದೇನೇ ಆಟ ಕಟ್ಟೋ ಜಿಬಿ ಸ್ಟುಡಿಯೋದಲ್ಲಿ ಮಾಡಿದ ಆಟ 32ರೊಳಗೆ ಕೂರಲ್ಲ. ನಮ್ಮ ಕಾಲೇಜಿಂದ ಐದಾರು ಜನ ಬರೋಣ ಅಂತಿದ್ವಿ, ಯಾರಿಗೂ ಅಸೆಂಬ್ಲಿ (ಪ್ರೊಸೆಸರ್ ಆಜ್ಞೆಗಳನ್ನೇ ನೇರವಾಗಿ ಬರೆಯೋ ಭಾಷೆ) ಬರಲ್ಲ. ಇದು ಬಾಗಿಲಲ್ಲೇ ನಿಲ್ಲಿಸಿದ ಹಾಗಾಯ್ತು.

ಅಸೆಂಬ್ಲಿ ಅಜ್ಜ
ಅಸೆಂಬ್ಲಿ ಬೇಕೇ ಬೇಕು ಅಂತ ಯಾರಪ್ಪ ಅಂದ್ರು? ಗೇಮ್ ಬಾಯ್ ಆಟ ಬರೆಯೋಕಿರೋ ಜಿಬಿಡಿಕೆ ಕಿಟ್ ಇಟ್ಕೊಂಡು ಸಿ ಭಾಷೇಲೇ ಬರಿ. 32 ಅನ್ನೋದು ಗಿರಾಕಿಯವರ ಮರ್ಜಿಯಿಂದ ಬಂದ ಸಂಖ್ಯೆ ಅಲ್ಲ. ಪ್ರೊಸೆಸರ್ ಕಣ್ಣಿಗೆ ಕಾರ್ಟ್ರಿಡ್ಜ್ (ಆಟ ಇರೋ, ಯಂತ್ರಕ್ಕೆ ಸಿಕ್ಕಿಸೋ ಡಬ್ಬಿ) ಒಂದು ಸಲಕ್ಕೆ ಬೀಳೋದೇ ಅಷ್ಟು. ಅದಕ್ಕಿಂತ ದೊಡ್ಡದಾದ್ರೆ ಕಾರ್ಟ್ರಿಡ್ಜ್ ಒಳಗೆ ಇನ್ನೊಂದು ಚಿಪ್ ಕೂರಿಸಿ, 16 ಕೆ.ಬಿ. ತುಂಡುಗಳನ್ನ ಬದಲಾಯಿಸ್ತಾ ಇರ್ಬೇಕು. ಆ ಇಕ್ಕಟ್ಟಲ್ಲಿ ಒದ್ದಾಡೋದೇ ಇದರ ರುಚಿ.

ಥರ್ಡ್ ಸೆಮ್
ನಿಮಗೆ ರುಚಿ ಸಾರ್, ನಮಗೆ ಇಂಟರ್ನಲ್ಸ್ ಇದೆ.

ಎಸ್ಪಿ ರೋಡ್ ಸವಾರ
32 ಇರ್ಲಿ ಬಿಡ್ಲಿ, ನನ್ನ ತಕರಾರು ಎಮ್ಯುಲೇಟರ್ ಮೇಲೆ. ಹೋದ ವರ್ಷ ನನ್ನ ಆಟ ಲ್ಯಾಪ್‌ಟಾಪಲ್ಲಿ ಬೆಣ್ಣೆ ಥರ ಓಡ್ತು. ಫ್ಲ್ಯಾಷ್ ಕಾರ್ಟಿಗೆ, ಅಂದ್ರೆ ನಾವೇ ಆಟ ತುಂಬ್ಕೊಳ್ಳೋ ಕಾರ್ಟ್ರಿಡ್ಜಿಗೆ ಹಾಕಿ ನಿಜವಾದ ಗೇಮ್ ಬಾಯಲ್ಲಿ ಆನ್ ಮಾಡಿದ್ರೆ ಪರದೆ ತುಂಬ ಕಸ. ಎರಡು ದಿನ ಕೂತ್ಮೇಲೆ ಗೊತ್ತಾಗಿದ್ದು: ನಾನು ಬಳಸ್ತಿದ್ದ ಎಮ್ಯುಲೇಟರ್ ಶುರುವಾಗುವಾಗ ಮೆಮೊರೀನೆಲ್ಲ ಸೊನ್ನೆ ಮಾಡಿಕೊಡ್ತಿತ್ತು. ನಿಜವಾದ ಯಂತ್ರದಲ್ಲಿ ಏನೇನೋ ಇರುತ್ತೆ, ನಾವೇ ಗುಡಿಸ್ಕೋಬೇಕು. ಇನ್ನೊಂದು, ಯಂತ್ರ ಪರದೆ ಮೇಲೆ ಗೆರೆ ಬಿಡಿಸ್ತಿರೋ ಹೊತ್ತಲ್ಲಿ ವಿಡಿಯೋ ಮೆಮೊರಿಗೆ (ಪರದೆ ಚಿತ್ರ ಇಡೋ ಜಾಗ) ಏನಾದ್ರೂ ಬರೆದ್ರೆ ಯಂತ್ರ ಕ್ಯಾರೇ ಅನ್ನಲ್ಲ. ಎಷ್ಟೋ ಹಳೇ ಎಮ್ಯುಲೇಟರ್‌ಗಳು ಅದನ್ನೂ ಸದ್ದಿಲ್ಲದೆ ಒಪ್ಕೊಂಡ್ಬಿಡ್ತವೆ. ಕನ್ಸೋಲಲ್ಲಿ ಓಡದೇ ಇರೋದನ್ನ ಕನ್ಸೋಲ್ ಆಟ ಅನ್ನೋದು ಹ್ಯಾಗೆ?

ಗಿರಿನಗರದ ಗಿರಾಕಿ
ಎಲ್ರ ಹತ್ರ ಕನ್ಸೋಲ್ ಎಲ್ಲಿದೆ ಗುರು?

ಎಸ್ಪಿ ರೋಡ್ ಸವಾರ
ಎಲ್ರ ಹತ್ರ ಯಾಕೆ, ಒಂದಿದ್ರೆ ಸಾಕು. ನಂದು ತರ್ತೀನಿ, ಕಾರ್ಟೂ ನಂದೇ. ನಾಲ್ಕು ಪೆನ್ಸಿಲ್ ಸೆಲ್ ಮಾತ್ರ ನೀವು ತನ್ನಿ. ಬಿಸಿಲಿರೋವಾಗ್ಲೇ ಶುರು ಮಾಡಿ, ಅದರ ಪರದೆಗೆ ಹಿಂದೆ ಲೈಟಿಲ್ಲ.

ಚುಕ್ಕಿ ರಂಗೋಲಿ
ನೀವೆಲ್ಲ ಇಷ್ಟು ಸಲೀಸಾಗಿ ಹೇಳಿದ್ರಲ್ಲ ‘ಮಾತೆಲ್ಲ ಕನ್ನಡದಲ್ಲಿ’ ಅಂತ, ಯಾರಾದ್ರೂ ಬರೆದು ನೋಡಿದೀರಾ? ಪರದೆ 160 ಚುಕ್ಕಿ ಅಡ್ಡ, 144 ಉದ್ದ. ಚಿತ್ರ ಕಟ್ಟೋ ಒಂದೊಂದು ತುಂಡು, ಅಂದ್ರೆ ಟೈಲು, 8×8 ಚುಕ್ಕಿ. ಇಂಗ್ಲಿಷ್ ಅಕ್ಷರ ಅದ್ರೊಳಗೆ ಕೂರುತ್ತೆ. ‘ಸ್ತ್ರೀ’ ಕೂರಿಸಿ ನೋಡೋಣ! ಒತ್ತು, ದೀರ್ಘ ಎಲ್ಲ ಸೇರಿ 16×16 ಬೇಕೇ ಬೇಕು. ಅಂದ್ರೆ ಅಕ್ಷರಕ್ಕೆ ನಾಲ್ಕು ಟೈಲು, ಸಾಲಿಗೆ ಹತ್ತೇ ಅಕ್ಷರ. ವಿಡಿಯೋ ಮೆಮೊರೀಲಿ ಇರೋದೇ 384 ಟೈಲು, ಎಲ್ಲ ಅಕ್ಷರಕ್ಕೇ ಸುರಿದ್ರೂ 96. ಕಾಗುಣಿತ, ಒತ್ತು ಎಲ್ಲ ಲೆಕ್ಕ ಹಾಕಿದ್ರೆ ಸಾವಿರ ದಾಟುತ್ತೆ.
ಪೂರ್ತಿ ಫಾಂಟ್ ಮಾಡೋಕೆ ಹೋಗ್ಬೇಡಿ. ನಿಮ್ಮ ಆಟದಲ್ಲಿ ಬರೋ ಅಕ್ಷರ ಎಷ್ಟಿದೆಯೋ ಅಷ್ಟನ್ನೇ ಬಿಡಿಸ್ಕೊಳ್ಳಿ. ನಾನು ಐವತ್ತು ಬಿಡಿಸಿಟ್ಟಿದೀನಿ, ಎಲ್ರಿಗೂ ಕೊಡ್ತೀನಿ. ‘ಳ’ ಮಾತ್ರ ನೋಡಿ ನಗ್ಬೇಡಿ.

ಅಸೆಂಬ್ಲಿ ಅಜ್ಜ
ಭೇಷ್ ತಾಯಿ. ಟೈಲಿಗೆ 16 ಬೈಟು, 50 ಅಕ್ಷರ ಅಂದ್ರೆ 3,200 ಬೈಟು. 32ರಲ್ಲಿ ಹತ್ತನೇ ಒಂದು ಭಾಗ ಅಕ್ಷರಕ್ಕೇ ಹೋಯ್ತು. ಹ್ಞೂಂ. ಹಾಗಾದ್ರೆ ಹುಡುಗನ ಮಾತಿಗೂ ಸ್ವಲ್ಪ ಜಾಗ ಬಿಡ್ಬೇಕಾಗುತ್ತೆ.

ಗಿರಿನಗರದ ಗಿರಾಕಿ
ಸರಿ, ತಿದ್ದಿದೆ. 32ರೊಳಗಿನವು ಒಂದು ಪಂಗಡ, ಮಿಕ್ಕಿದ್ದೆಲ್ಲ ಇನ್ನೊಂದು. ಜಿಬಿ ಸ್ಟುಡಿಯೋ ಎರಡನೇದಕ್ಕೆ. ಎರಡಕ್ಕೂ ಮಾರ್ಕ್ಸ್ ಸವಾರನ ಕನ್ಸೋಲ್ ಮೇಲೇ. ಆನ್ ಆಗ್ಲಿಲ್ವಾ, ಸೊನ್ನೆ.

ಅಸೆಂಬ್ಲಿ ಅಜ್ಜ
ಎರಡು ಪಂಗಡ ನನಗೆ ಇಷ್ಟ ಇಲ್ಲ, ಆದ್ರೂ ಒಪ್ಪಿದೆ. ಸೊನ್ನೆ ಕೊಡೋ ದಿನಕ್ಕಿಂತ ಒಂದು ವಾರ ಮುಂಚೆ ತಾಲೀಮು ಇಡಿ. ಫೈಲಿನ ಶುರುವಲ್ಲಿರೋ ಹೆಡರ್‌ನಲ್ಲಿ ನಿಂಟೆಂಡೊ ಲೋಗೋದ 48 ಬೈಟು ತಪ್ಪಿದ್ರೂ ಯಂತ್ರ ಅಲ್ಲೇ ನಿಂತ್ಬಿಡುತ್ತೆ. ಅದಕ್ಕೆಲ್ಲ ಮಕ್ಕಳ ತಿಂಗಳ ಕಷ್ಟ ಹಾಳಾಗ್ಬಾರ್ದು.

ಥರ್ಡ್ ಸೆಮ್
ಥ್ಯಾಂಕ್ಸ್ ಸಾರ್. ನಾನು ಒಬ್ನೇ ಸಿ ಭಾಷೇಲಿ ಟ್ರೈ ಮಾಡ್ತೀನಿ, ಚೌಕಾಬಾರ. 5×5 ಮನೆ, ಒಂದೊಂದೂ 24 ಚುಕ್ಕಿ, ಪರದೇಲಿ ಸರಿಯಾಗಿ ಕೂರುತ್ತೆ. ಆದ್ರೆ ಶುರುವಲ್ಲೇ ನಡುಸಾಲಲ್ಲಿ ಮೂರು ಕಾಯಿ ಕಾಣ್ತಿಲ್ಲ. ಯಾರೂ ಹೊಡೀದೇನೇ ಮಾಯ!

ಎಸ್ಪಿ ರೋಡ್ ಸವಾರ
ಎಡಗಡೆ ಕಟ್ಟೇಲಿ ನಾಲ್ಕು, ಬಲಗಡೆ ನಾಲ್ಕು, ಎಲ್ಲ ಒಂದೇ ಸಾಲು. ಕಾಯಿ 16 ಚುಕ್ಕಿ ಅಗಲ ಅಲ್ವಾ? ಸ್ಪ್ರೈಟ್ ಅಂದ್ರೆ ಹಿನ್ನೆಲೆ ಮೇಲೆ ಓಡಾಡೋ ಚಿತ್ರ, 8 ಚುಕ್ಕಿ ಅಗಲ; ಒಂದು ಕಾಯಿಗೆ ಅಕ್ಕಪಕ್ಕ ಎರಡು ಬೇಕು. ಒಂದು ಗೆರೇಲಿ ಹತ್ತಕ್ಕಿಂತ ಜಾಸ್ತಿ ಸ್ಪ್ರೈಟ್ ಅದು ತೋರ್ಸಲ್ಲ. ಐದು ಕಾಯಿಗೆ ಕೋಟಾ ಮುಗೀತು.

ಚುಕ್ಕಿ ರಂಗೋಲಿ
ಸುಮ್ನೆ ಕೂತಿರೋ ಕಾಯೀನ ಹಿನ್ನೆಲೆ ಟೈಲಲ್ಲೇ ಬಿಡ್ಸಪ್ಪ. ನಡೀತಿರೋದು ಮಾತ್ರ ಸ್ಪ್ರೈಟ್ ಆಗ್ಲಿ. ಕವಡೆ ನಾನು ಬಿಡಿಸ್ಕೊಡ್ಲಾ?